ಕಳೆದುಹೋದ ಸದ್ದು ವಾಪಸ್ ಬರುತ್ತಾ? ಹಾಡಿನ ಅಪ್‌ಸ್ಕೇಲಿಂಗ್ ಬಗ್ಗೆ

ಬೇಲೂರು ದಾಟಿ ಮೂಡಿಗೆರೆ ರಸ್ತೆಗೆ ತಿರುಗಿದ ಮೇಲೆ ಭಾವ ಕಾರಿನ ಪರದೆಯ ಮೇಲೆ ಒಂದು ಬಟನ್ ಒತ್ತಿದರು. "ಈಗ ಕೇಳು" ಅಂದರು. ಹಾಡು ಅದೇ. ಆದರೆ ತಬಲಾದ ಪೆಟ್ಟು ಬಿಗಿಯಾಯಿತು. ತಾಳದ ಕಿಣಿಕಿಣಿ ಮುಂದೆ ಬಂತು. ಇಷ್ಟು ಹೊತ್ತು ಕಂಬಳಿ ಹೊದ್ದುಕೊಂಡು ಹಾಡುತ್ತಿದ್ದವರು ಕಂಬಳಿ ಸರಿಸಿ ಕೂತ ಹಾಗೆ ಅನ್ನಿಸಿತು. ಬಟನ್ ಆಫ್ ಮಾಡಿದರೆ ಮತ್ತೆ ಕಂಬಳಿ.

ಆ ಹಾಡು ಇದ್ದದ್ದು ಪೆನ್‌ಡ್ರೈವ್‌ನಲ್ಲಿ. ಅದರಲ್ಲಿರುವ ನಾನೂರು ಚಿಲ್ಲರೆ ಹಾಡುಗಳನ್ನು ಭಾವ ಹದಿನೈದು ವರ್ಷದ ಹಿಂದೆ ಹಾಸನ ಬಸ್‌ಸ್ಟ್ಯಾಂಡ್ ಹತ್ತಿರದ ಮೊಬೈಲ್ ಅಂಗಡಿಯಲ್ಲಿ 2 ಜಿಬಿ ಮೆಮೊರಿ ಕಾರ್ಡಿಗೆ ಹಾಕಿಸಿಕೊಂಡಿದ್ದರು. ಕಾರ್ಡಿನಿಂದ ಪೆನ್‌ಡ್ರೈವ್‌ಗೆ ಬಂದವು. ಮೂರು ಕಾರು ಬದಲಾದರೂ ಹಾಡು ಬದಲಾಗಲಿಲ್ಲ.

ಆಮೇಲೆ ನಾನು ಅದೇ ಹಾಡನ್ನು ನನ್ನ ಫೋನಿನಿಂದ ಕೇಬಲ್ ಹಾಕಿ ಕೇಳಿಸಿದೆ. ಅದು ಆ್ಯಪ್‌ನಲ್ಲಿ ಒಳ್ಳೆಯ ಗುಣಮಟ್ಟದಲ್ಲಿ ಡೌನ್‌ಲೋಡ್ ಮಾಡಿಟ್ಟಿದ್ದು. ಈಗ ಬಟನ್ ಆನ್ ಮಾಡಿದರೂ ಆಫ್ ಮಾಡಿದರೂ ವ್ಯತ್ಯಾಸ ಹೇಳುವುದು ಇಬ್ಬರಿಗೂ ಕಷ್ಟವಾಯಿತು. "ಅರೆ, ಇದಕ್ಕೆ ಯಾಕೆ ಕೆಲಸ ಮಾಡಲ್ಲ?" ಅಂತ ಭಾವ ಕೇಳಿದರು. ಈ ಲೇಖನ ಹುಟ್ಟಿದ್ದು ಆ ಪ್ರಶ್ನೆಯಿಂದ.

ಆ ಬಟನ್ ಮಾಡುವುದು ಅಪ್‌ಸ್ಕೇಲಿಂಗ್, ಅಂದರೆ ಸವೆದ ಹಾಡಿನಲ್ಲಿ ಕಳೆದುಹೋದ ಸದ್ದನ್ನು ಮತ್ತೆ ತುಂಬಲು ನೋಡುವ ಕೆಲಸ. ಅದಕ್ಕೆ ಒಂದೊಂದು ಕಂಪನಿಯಲ್ಲಿ ಒಂದೊಂದು ಹೆಸರು. ಸೋನಿ ಅದನ್ನು ಡಿಎಸ್‌ಇಇ ಅನ್ನುತ್ತದೆ. ಹರ್ಮನ್ ಕ್ಲಾರಿ-ಫೈ ಅನ್ನುತ್ತದೆ. ಸ್ಯಾಮ್‌ಸಂಗ್ ಫೋನ್‌ಗಳಲ್ಲಿ ಯುಎಚ್‌ಕ್ಯೂ ಅಪ್‌ಸ್ಕೇಲರ್, ಯಮಹಾದಲ್ಲಿ ಕಂಪ್ರೆಸ್ಡ್ ಮ್ಯೂಸಿಕ್ ಎನ್‌ಹಾನ್ಸರ್. ಕಾರು, ಹೆಡ್‌ಫೋನ್, ಟಿವಿ ಕೆಳಗಿಡುವ ಸೌಂಡ್‌ಬಾರ್, ಎಲ್ಲದರಲ್ಲೂ ಇದು ಬಂದಿದೆ. ಜೊತೆಗೆ ಈಗ ಎಐ ಅನ್ನುವ ಎರಡಕ್ಷರವೂ ಸೇರಿಕೊಂಡಿದೆ. ಕಳೆದುಹೋದ ಸಂಗೀತವನ್ನು ಮರಳಿ ತರುತ್ತೇವೆ ಅನ್ನುವುದು ಇವೆಲ್ಲದರ ಸಾರಾಂಶ. ಕಳೆದುಹೋದದ್ದು ನಿಜವಾಗಿ ಬರುತ್ತಾ? ಅದಕ್ಕೆ ಮೊದಲು, ಕಳೆದುಹೋದದ್ದು ಏನು?

ನಾನೂರು ಹಾಡು ಹಿಡಿಸಿದ್ದು ಹೇಗೆ

ಸಿಡಿಯಲ್ಲಿ ಸದ್ದನ್ನು ಸೆಕೆಂಡಿಗೆ 44,100 ಸಲ ಅಳೆದು ಬರೆದಿಡುತ್ತಾರೆ. ಒಂದೊಂದು ಅಳತೆಗೂ 16 ಬಿಟ್ ಜಾಗ. ಬಿಟ್ ಅಂದರೆ ಕಂಪ್ಯೂಟರ್ ಬರೆದಿಡುವ ಒಂದು ಸೊನ್ನೆ ಅಥವಾ ಒಂದು. ಎಡಗಡೆಗೆ ಒಂದು ಸಾಲು, ಬಲಗಡೆಗೆ ಇನ್ನೊಂದು. ಗುಣಿಸಿದರೆ ಸೆಕೆಂಡಿಗೆ 14 ಲಕ್ಷ 11 ಸಾವಿರ ಬಿಟ್ ಆಗುತ್ತದೆ. ಐದು ನಿಮಿಷದ ಒಂದು ಹಾಡಿಗೆ ಸುಮಾರು 53 ಎಂಬಿ ಬೇಕು. 2 ಜಿಬಿ ಕಾರ್ಡಿಗೆ ನಲವತ್ತು ಹಾಡು ಕೂಡ ಹಿಡಿಸುವುದಿಲ್ಲ.

44,100 ಅನ್ನುವ ಸಂಖ್ಯೆ ಯಾಕೆ? ಮನುಷ್ಯರ ಕಿವಿಗೆ ಸೆಕೆಂಡಿಗೆ 20 ಕಂಪನದಿಂದ 20,000 ಕಂಪನದವರೆಗೆ ಕೇಳಿಸುತ್ತದೆ. ಕಂಪನದ ಲೆಕ್ಕವನ್ನು ಹರ್ಟ್ಸ್ ಅನ್ನುತ್ತಾರೆ. ಒಂದು ಸದ್ದನ್ನು ಸರಿಯಾಗಿ ಹಿಡಿದಿಡಬೇಕಾದರೆ ಅದರ ಕಂಪನದ ಎರಡರಷ್ಟಕ್ಕಿಂತ ಜಾಸ್ತಿ ಸಲ ಅಳೆಯಬೇಕು. ಇದಕ್ಕೆ ಬೇಕಾದ ಗಣಿತವನ್ನು ಹ್ಯಾರಿ ನೈಕ್ವಿಸ್ಟ್ 1928ರಲ್ಲಿ, ಕ್ಲಾಡ್ ಶ್ಯಾನನ್ 1949ರಲ್ಲಿ ಬರೆದಿಟ್ಟರು. 20,000ದ ಎರಡರಷ್ಟು 40,000. ಅದರ ಮೇಲೆ ಒಂದಿಷ್ಟು ಜಾಗ ಬಿಟ್ಟರೆ 44,100.

ಅದೇ 2 ಜಿಬಿ ಕಾರ್ಡಿಗೆ ಅಂಗಡಿಯವರು ನಾನೂರು ಹಾಡು ಹಾಕಿಕೊಟ್ಟರು. ಅದು ಸಾಧ್ಯವಾಗಿದ್ದು ಎಂಪಿ3ಯಿಂದ. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯಲ್ಲಿ ಕಾರ್ಲ್‌ಹೈನ್ಸ್ ಬ್ರಾಂಡೆನ್‌ಬುರ್ಗ್ ಮತ್ತು ಜೊತೆಗಾರರು ಇದಕ್ಕೆ ಬಹಳ ವರ್ಷ ದುಡಿದರು. ಫೈಲಿನ ಕೊನೆಗೆ ಎಂಪಿ3 ಅನ್ನುವ ಬಾಲ ಅಂಟಿದ್ದು 1995ರಲ್ಲಿ. 128 ಕೆಬಿಪಿಎಸ್, ಅಂದರೆ ಸೆಕೆಂಡಿಗೆ 128 ಸಾವಿರ ಬಿಟ್ ಇರುವ ಎಂಪಿ3ಯಲ್ಲಿ ಅದೇ ಐದು ನಿಮಿಷದ ಹಾಡು 5 ಎಂಬಿಯೊಳಗೆ ಮುಗಿಯುತ್ತದೆ. ಅಂದರೆ ಹನ್ನೊಂದರಲ್ಲಿ ಒಂದು ಪಾಲು ಉಳಿಯಿತು. ಹತ್ತು ಪಾಲು ಹೋಯಿತು. ಆದರೂ ಹಾಡು ಹಾಡಾಗಿಯೇ ಕೇಳಿಸುತ್ತದೆ, ಅಲ್ವಾ? ನನಗೆ ಈಗಲೂ ಇದು ಬೆರಗಿನ ವಿಷಯ.

ಗುಟ್ಟು ಇರುವುದು ನಮ್ಮ ಕಿವಿಯಲ್ಲಿ. ಜಾತ್ರೆಯಲ್ಲಿ ಡೊಳ್ಳು ಬಾರಿಸುವವರ ಪಕ್ಕ ನಿಂತಾಗ ಜೊತೆಯಲ್ಲಿ ಇರುವವರ ಮಾತು ಕೇಳಿಸುವುದಿಲ್ಲ. ಅವರು ಮಾತಾಡುತ್ತಲೇ ಇರುತ್ತಾರೆ, ಸದ್ದು ಕಿವಿಗೆ ಬೀಳುತ್ತಲೇ ಇರುತ್ತದೆ, ಆದರೆ ದೊಡ್ಡ ಸದ್ದು ಸಣ್ಣದನ್ನು ಮುಚ್ಚಿಬಿಡುತ್ತದೆ. ಒಂದೇ ಎತ್ತರದ ಆಸುಪಾಸಿನಲ್ಲಿರುವ ಎರಡು ಸ್ವರಗಳಲ್ಲೂ ಹೀಗೇ. ಜೋರಾದದ್ದು ಮೆಲ್ಲಗಿನದನ್ನು ಮುಚ್ಚುತ್ತದೆ. ಒಂದು ಜೋರು ಪೆಟ್ಟು ಬಿದ್ದ ಮೇಲೂ ಒಂದು ಕ್ಷಣ ಸಣ್ಣ ಸದ್ದುಗಳು ನಮಗೆ ಕೇಳಿಸುವುದಿಲ್ಲ. ಎಂಪಿ3 ಇಂಥ ಮುಚ್ಚಿಹೋಗುವ ಸದ್ದುಗಳನ್ನು ಹುಡುಕುತ್ತದೆ. ಹೇಗೂ ಕೇಳಿಸದ್ದಕ್ಕೆ ಜಾಗ ಯಾಕೆ ಕೊಡಬೇಕು ಅನ್ನುವುದು ಅದರ ಲೆಕ್ಕ.

ಕೆಲವನ್ನು ಅದು ಪೂರ್ತಿ ಅಳಿಸುತ್ತದೆ. ಉಳಿದದ್ದನ್ನೂ ಒರಟಾಗಿ ಬರೆದಿಡುತ್ತದೆ. ಕಾಫಿ ಮೂಟೆ ತೂಗುವಾಗ ಕೆಜಿ ಮಾತ್ರ ಬರೆದುಕೊಂಡು ಗ್ರಾಂ ಬಿಟ್ಟ ಹಾಗೆ. ಲೆಕ್ಕ ಸುಮಾರಾಗಿ ಸರಿ ಇರುತ್ತದೆ. ಬಿಟ್ಟ ಗ್ರಾಂಗಳು ಮಾತ್ರ ಹಾಡಿನಲ್ಲಿ ಸಣ್ಣ ಗೊರಗೊರ ಸದ್ದಾಗಿ ಉಳಿಯುತ್ತವೆ. ಆ ಸದ್ದನ್ನೂ ದೊಡ್ಡ ಸ್ವರಗಳ ಹಿಂದೆ ಅಡಗಿಸಿಡುವುದು ಈ ವಿದ್ಯೆಯ ಜಾಣತನ.

ಜಾಗ ಕಡಿಮೆ ಇದ್ದಷ್ಟೂ ಅಡಗಿಸುವುದು ಕಷ್ಟ. 128 ಕೆಬಿಪಿಎಸ್‌ನಲ್ಲಿ ಸಾಮಾನ್ಯವಾಗಿ 16,000 ಹರ್ಟ್ಸ್‌ನ ಆಸುಪಾಸಿನಲ್ಲಿ ಗೆರೆ ಎಳೆದು ಅದರ ಮೇಲಿನದನ್ನೆಲ್ಲ ಕತ್ತರಿಸುತ್ತಾರೆ. ಇನ್ನೂ ಕಡಿಮೆ ದರಕ್ಕೆ ಇಳಿದರೆ ಗೆರೆಯೂ ಕೆಳಗಿಳಿಯುತ್ತದೆ. ಗೆಜ್ಜೆಯ ಹೊಳಪು, ತಾಳ ತಾಗಿದ ಮೇಲಿನ ಗುಂಯ್, ವೀಣೆಯ ತಂತಿಗೆ ಉಗುರು ತಾಗುವ ಸದ್ದು, 'ಸ' 'ಶ' ಅಕ್ಷರಗಳ ಗಾಳಿ, ಇವೆಲ್ಲದರ ಜೀವ ಇರುವುದು ಮೇಲಿನ ಭಾಗದಲ್ಲೇ.

ಕಂಸಾಳೆಯಂಥ ವಾದ್ಯಕ್ಕೆ ಇನ್ನೊಂದು ಪೆಟ್ಟೂ ಬೀಳುತ್ತದೆ. ಎಂಪಿ3 ಹಾಡನ್ನು ತುಂಡು ತುಂಡು ಮಾಡಿ ನೋಡುತ್ತದೆ. ಒಂದು ತುಂಡಿನಲ್ಲಿ 1,152 ಅಳತೆಗಳು, ಅಂದರೆ ಸೆಕೆಂಡಿನ ಸಾವಿರದಲ್ಲಿ 26 ಪಾಲು. ತುಂಡಿನ ನಡುವೆ ಕಂಚು ಟಣ್ ಅಂತ ಬಿದ್ದರೆ, ಒರಟು ಲೆಕ್ಕದ ಸದ್ದು ತುಂಡಿನ ಉದ್ದಕ್ಕೂ ಹರಡುತ್ತದೆ. ಪೆಟ್ಟಿಗೆ ಮುಂಚೆಯೇ ಅದರ ಮಸುಕು ನೆರಳು ಕೇಳಿಸುತ್ತದೆ. ಅದನ್ನು ತಡೆಯಲು ಸಣ್ಣ ತುಂಡುಗಳನ್ನು ಬಳಸುವ ಉಪಾಯ ಎಂಪಿ3ಯಲ್ಲೇ ಇದೆ. ಆದರೆ ಕಡಿಮೆ ಬಿಟ್‌ನಲ್ಲಿ ಅದೂ ಪೂರ್ತಿ ಕಾಪಾಡುವುದಿಲ್ಲ. ಟಣ್ ಅನ್ನುವುದು ಚ್ಟಣ್ ಆಗುತ್ತದೆ.

ಒಂದು ಮಾತು ಇಲ್ಲಿ ಗಟ್ಟಿಯಾಗಿ ಹೇಳಬೇಕು. ಹೀಗೆ ಹೋದದ್ದು ಫೈಲಿನಲ್ಲಿ ಎಲ್ಲೂ ಇಲ್ಲ. ಮಡಚಿ ಇಟ್ಟಿಲ್ಲ, ಬಚ್ಚಿಟ್ಟಿಲ್ಲ. ಹೋಯಿತು ಅಂದರೆ ಹೋಯಿತು. ಎಂಪಿ3ಯನ್ನು ದೊಡ್ಡ ವಾವ್ ಅಥವಾ ಫ್ಲ್ಯಾಕ್ ಫೈಲಾಗಿ ಬದಲಿಸಿದರೂ ಬರುವುದಿಲ್ಲ. ಜೆರಾಕ್ಸ್ ಪ್ರತಿಯನ್ನು ದುಬಾರಿ ಕಾಗದಕ್ಕೆ ಮತ್ತೆ ಜೆರಾಕ್ಸ್ ಮಾಡಿದರೆ ಅಳಿಸಿದ ಅಕ್ಷರ ಮೂಡುತ್ತದೆಯೇ?

ಒಂದೇ ಹೆಸರು, ಮೂರು ಕೆಲಸ

ಜಾಹೀರಾತಿನಲ್ಲಿ ಅಪ್‌ಸ್ಕೇಲಿಂಗ್ ಅಂತ ಬರುವುದರಲ್ಲಿ ಬೇರೆ ಬೇರೆ ಕೆಲಸಗಳು ಕಲಸಿಕೊಂಡಿವೆ. ಗೊಂದಲ ಶುರುವಾಗುವುದೇ ಇಲ್ಲಿ.

ಒಂದು, ಸುಮ್ನೆ ಅಳತೆಯ ಸಂಖ್ಯೆ ಹೆಚ್ಚಿಸುವುದು. ಸೆಕೆಂಡಿಗೆ 44,100 ಇದ್ದದ್ದನ್ನು 96,000 ಮಾಡುವುದು, 16 ಬಿಟ್ ಇದ್ದದ್ದನ್ನು 24 ಮಾಡುವುದು. ಎರಡು ಅಳತೆಗಳ ನಡುವೆ ಗಣಿತದಿಂದ ಹೊಸ ಅಳತೆ ಸೇರಿಸುತ್ತಾರೆ. ಯಂತ್ರದ ಒಳಗಿನ ಕೆಲಸಕ್ಕೆ ಇದರಿಂದ ಅನುಕೂಲವಿದೆ. ಒಂದೊಂದು ಬಿಟ್‌ಗೂ ಮೆಲ್ಲಗಿನ ಮತ್ತು ಜೋರಾದ ಸದ್ದಿನ ನಡುವೆ ಸುಮಾರು 6 ಡೆಸಿಬೆಲ್ ಜಾಗ ಸಿಗುತ್ತದೆ. 16 ಬಿಟ್‌ಗೆ 96 ಡೆಸಿಬೆಲ್, 24ಕ್ಕೆ 144. ಲೆಕ್ಕ ಮಾಡುವಾಗ ಈ ಜಾಗ ಒಳ್ಳೆಯದೇ. ಆದರೆ ಹಾಲನ್ನು ದೊಡ್ಡ ಪಾತ್ರೆಗೆ ಸುರಿದ ಮಾತ್ರಕ್ಕೆ ಹಾಲು ಹೆಚ್ಚಾಗುವುದಿಲ್ಲ. ಪರದೆ ಮೇಲೆ 96 ಕಿಲೋಹರ್ಟ್ಸ್ (ಸೆಕೆಂಡಿಗೆ 96,000 ಅಳತೆ), 24 ಬಿಟ್ ಅಂತ ಮಿನುಗಿದರೆ ಅದು ಪಾತ್ರೆಯ ಅಳತೆ, ಅಷ್ಟೇ.

ಎರಡನೆಯದು ನಿಜವಾಗಿ ಜಾಣ ಕೆಲಸ, ಆದರೆ ಅದಕ್ಕೆ ಬಟನ್ ಇಲ್ಲ. ಹಾಡನ್ನು ಚಿಕ್ಕದು ಮಾಡುವಾಗಲೇ ಮೇಲಿನ ಭಾಗವನ್ನು ಕತ್ತರಿಸಿ, ಅದು ಹೇಗಿತ್ತು ಅಂತ ಸಣ್ಣ ಚೀಟಿ ಬರೆದಿಡುತ್ತಾರೆ. ಯಾವ ಎತ್ತರದಲ್ಲಿ ಎಷ್ಟು ಜೋರಿತ್ತು, ಸ್ವರದ ಹಾಗಿತ್ತೋ ಗಾಳಿಯ ಹಾಗಿತ್ತೋ, ಇಷ್ಟೇ. ಕೇಳಿಸುವ ಯಂತ್ರ ಕೆಳಗಿನ ಭಾಗವನ್ನು ಮೇಲಕ್ಕೆ ನಕಲು ಮಾಡಿ, ಚೀಟಿ ನೋಡಿಕೊಂಡು ಅದನ್ನು ತಿದ್ದುತ್ತದೆ. ಇದರ ಹೆಸರು ಎಸ್‌ಬಿಆರ್. 2001ರಲ್ಲಿ ಎಂಪಿ3ಪ್ರೊದಲ್ಲಿ ಬಂತು. 2003ರಲ್ಲಿ ಎಚ್‌ಇ-ಎಎಸಿ ಅನ್ನುವ ಮಾದರಿಯ ಭಾಗವಾಯಿತು. ಆಕಾಶವಾಣಿ ಬಳಸುವ ಡಿಆರ್‌ಎಂ ಡಿಜಿಟಲ್ ಪ್ರಸಾರದಲ್ಲೂ ಇದೇ ವಿದ್ಯೆ ಇದೆ. ಇಲ್ಲಿಯೂ ಮೇಲಿನ ಸದ್ದು ನಕಲೇ. ಆದರೆ ಮೂಲವನ್ನು ಕಣ್ಣಾರೆ ಕಂಡವರು ಬರೆದ ಚೀಟಿ ಕೈಯಲ್ಲಿದೆ.

ಮೂರನೆಯದು ಭಾವನ ಕಾರಿನಲ್ಲಿರುವಂಥದ್ದು. ಇಲ್ಲಿ ಚೀಟಿಯೇ ಇಲ್ಲ. ಉಳಿದ ಹಾಡನ್ನು ಮಾತ್ರ ನೋಡಿ ಹೋದದ್ದನ್ನು ಊಹಿಸಬೇಕು. ಅಪ್‌ಸ್ಕೇಲಿಂಗ್ ಅನ್ನುವ ಹೆಸರಿಗೆ ತಕ್ಕ ಕೆಲಸ ಇದೊಂದೇ ಅನ್ನುವುದು ನನ್ನ ಅಭಿಪ್ರಾಯ.

ಊಹಿಸಲು ಆಧಾರ ಇಲ್ಲ ಅಂತಲ್ಲ. ತಂಬೂರಿಯ ತಂತಿ 200 ಹರ್ಟ್ಸ್‌ನಲ್ಲಿ ಮಿಡಿದರೆ ಅದರ ಜೊತೆ 400, 600, 800 ಹೀಗೆ ಗುಣಕಗಳೂ ಮಿಡಿಯುತ್ತವೆ. ತಂತಿ ವಾದ್ಯ, ಕೊಳಲು, ಮನುಷ್ಯರ ಗಂಟಲು, ಎಲ್ಲದರಲ್ಲೂ ಈ ಏಣಿ ಇದೆ. ಏಣಿಯ ಕೆಳಗಿನ ಮೆಟ್ಟಿಲು ಕಂಡರೆ ಮೇಲಿನದು ಎಲ್ಲಿರಬೇಕು ಅಂತ ಹೇಳಬಹುದು. ಹಳೆಯ ಕಾಲದ ಯಂತ್ರಗಳು ಸ್ವರವನ್ನು ಬೇಕಂತಲೇ ಸ್ವಲ್ಪ ಸೊಟ್ಟ ಮಾಡಿ ಈ ಮೇಲಿನ ಮೆಟ್ಟಿಲುಗಳನ್ನು ಹುಟ್ಟಿಸುತ್ತಿದ್ದವು. 1970ರ ದಶಕದಲ್ಲೇ ರೆಕಾರ್ಡಿಂಗ್ ಸ್ಟುಡಿಯೋಗಳು ಇಂಥ ಪೆಟ್ಟಿಗೆ ಬಳಸುತ್ತಿದ್ದವು. ಆದರೆ ಗೆಜ್ಜೆ, ತಾಳ, ತಮಟೆ ಪೆಟ್ಟಿನ ಮೊದಲ ಸಿಡಿತ ಈ ಏಣಿಗೆ ಹೊಂದುವುದಿಲ್ಲ. ಅಲ್ಲಿ ಈ ಉಪಾಯ ಸೋಲುತ್ತಿತ್ತು.

ಎಐ ಬಂದಿರುವುದು ಈ ಜಾಗಕ್ಕೆ. ಒಂದು ಹಾಡಿನ ಪೂರ್ತಿ ರೂಪ, ಅದೇ ಹಾಡಿನ ಚಿಕ್ಕದು ಮಾಡಿದ ರೂಪ, ಇಂಥ ಜೋಡಿಗಳನ್ನು ರಾಶಿ ರಾಶಿ ತೋರಿಸಿ ಯಂತ್ರಕ್ಕೆ ಕಲಿಸುತ್ತಾರೆ. ಪಿಟೀಲು ಹೀಗೆ ಮಸುಕಾದರೆ ಮೂಲ ಹೀಗಿರುತ್ತದೆ, ತಾಳ ಹೀಗೆ ಮಸುಕಾದರೆ ಹೀಗಿರುತ್ತದೆ ಅಂತ ಅದು ಅಂದಾಜು ಕಟ್ಟಿಕೊಳ್ಳುತ್ತದೆ. ಆಮೇಲೆ ನಿಮ್ಮ ಹಾಡು ಓಡುತ್ತಿರುವಾಗಲೇ ಆ ಅಂದಾಜನ್ನು ಸೇರಿಸುತ್ತಾ ಹೋಗುತ್ತದೆ. ಸೋನಿ 2020ರಲ್ಲಿ ತನ್ನ ಹೆಡ್‌ಫೋನ್‌ಗೆ ತಂದ ಡಿಎಸ್‌ಇಇ ಎಕ್ಸ್‌ಟ್ರೀಮ್ ಈ ಬಗೆಯದು. ಹಳೆಯ ಒಂದೇ ಅಳತೆಯ ಉಪಾಯಕ್ಕಿಂತ ಇದು ಎಷ್ಟೋ ಮೇಲು. ಬ್ಯಾಟರಿ ಸ್ವಲ್ಪ ಜಾಸ್ತಿ ತಿನ್ನುತ್ತದೆ.

ಆದರೂ ಇದು ಅಂದಾಜು. ಹಳೇಬೀಡಿಗೆ ಹೋದವರೆಲ್ಲ ಕೈ ಮುರಿದ ವಿಗ್ರಹಗಳನ್ನು ನೋಡಿದ್ದೀರಿ. ಬೇಲೂರಿನ ಮದನಿಕೆಯರನ್ನು ಚೆನ್ನಾಗಿ ನೋಡಿ ಕಲಿತ ಶಿಲ್ಪಿಯೊಬ್ಬರಿಗೆ ಆ ಕೈಯನ್ನು ಮತ್ತೆ ಕೆತ್ತಿಕೊಡಿ ಅಂದರೆ, ಹೊಯ್ಸಳ ಶೈಲಿಯ ಚಂದದ ಕೈಯನ್ನೇ ಕೆತ್ತಿಕೊಟ್ಟಾರು. ಬಳೆ ಸರಿ ಇರುತ್ತದೆ, ಬೆರಳಿನ ಬಾಗು ಸರಿ ಇರುತ್ತದೆ. ನೋಡಿದವರಿಗೆ ಸಮಾಧಾನವೂ ಆಗುತ್ತದೆ. ಆದರೆ ಆ ಕೈ ಕನ್ನಡಿ ಹಿಡಿದಿತ್ತೋ, ಗಿಳಿ ಹಿಡಿದಿತ್ತೋ? ಅದು ಶಿಲ್ಪಿಗೆ ಗೊತ್ತಿಲ್ಲ. ಗೊತ್ತಾಗುವ ದಾರಿಯೂ ಇಲ್ಲ. ಒಂದು ಉಗುರು ಮಾತ್ರ ಚಕ್ಕೆ ಎದ್ದಿದ್ದರೆ ಈ ಪ್ರಶ್ನೆಯೇ ಬರುತ್ತಿರಲಿಲ್ಲ. ಇಡೀ ಕೈ ಹೋಗಿದ್ದರೆ ಶಿಲ್ಪಿ ಕೆತ್ತಿದ್ದು ಅವರದೇ ಕೃತಿ.

ಎಲ್ಲಿ ಕೆಲಸಕ್ಕೆ ಬರುತ್ತದೆ, ಎಲ್ಲಿ ಇಲ್ಲ

ಈಗ ಭಾವನ ಪ್ರಶ್ನೆಗೆ ಉತ್ತರ ಸುಲಭ. ಪೆನ್‌ಡ್ರೈವ್‌ನ ಹಾಡು ತುಂಬಾ ಸವೆದಿತ್ತು. ಅಂಗಡಿಯಲ್ಲಿ ಹಾಕಿಸುವ ಹಾಡುಗಳು ಒಂದು ಎಂಪಿ3ಯಿಂದ ಇನ್ನೊಂದು ಎಂಪಿ3ಗೆ ಎಷ್ಟು ಸಲ ದಾಟಿ ಬಂದಿರುತ್ತಿದ್ದವೋ. ಪ್ರತಿ ಸಲ ದಾಟುವಾಗಲೂ ಒಂದಿಷ್ಟು ಹೋಗುತ್ತದೆ. ಅಲ್ಲಿ ಅಪ್‌ಸ್ಕೇಲಿಂಗ್‌ಗೆ ಮಾಡಲು ಕೆಲಸವಿತ್ತು. ನನ್ನ ಫೋನಿನ ಹಾಡಿನಲ್ಲಿ ಮುರಿದ ಕೈ ಇರಲೇ ಇಲ್ಲ.

ಇದನ್ನೇ ಬಿಟ್‌ನ ಲೆಕ್ಕದಲ್ಲಿ ಹೇಳುತ್ತೇನೆ. 64 ಕೆಬಿಪಿಎಸ್ ಎಂಪಿ3ಗೆ ಅಪ್‌ಸ್ಕೇಲಿಂಗ್ ಮಾಡಿದರೆ ಹೆಚ್ಚಿನವರಿಗೆ ವ್ಯತ್ಯಾಸ ಗೊತ್ತಾಗುತ್ತದೆ. 128ಕ್ಕೆ ಒಳ್ಳೆಯ ಹೆಡ್‌ಫೋನ್ ಇದ್ದರೆ ಗೊತ್ತಾಗಬಹುದು. 256, 320ಕ್ಕೆ ಬಂದರೆ ಗೊತ್ತಾಗುವವರು ಬಹಳ ಅಪರೂಪ. ಯಾಕೆಂದರೆ ಅಲ್ಲಿ ಮೂಲಕ್ಕೂ ಎಂಪಿ3ಗೂ ಇರುವ ವ್ಯತ್ಯಾಸವೇ ಕಿವಿಗೆ ಸುಲಭವಾಗಿ ಸಿಗುವುದಿಲ್ಲ.

ವಯಸ್ಸನ್ನೂ ಮರೆಯಬಾರದು. ವಯಸ್ಸಾಗುತ್ತಾ ಮೇಲಿನ ಸದ್ದು ಮೊದಲು ಕೇಳಿಸದಾಗುತ್ತದೆ. ಐವತ್ತು ದಾಟಿದ ಹೆಚ್ಚಿನವರಿಗೆ 16,000ದ ಮೇಲಿನದು ಇದ್ದರೂ ಇಲ್ಲದಿದ್ದರೂ ಒಂದೇ. ಅಂಥವರಿಗೆ 40,000 ಹರ್ಟ್ಸ್‌ವರೆಗೆ ಮರಳಿ ತರುತ್ತೇವೆ ಅನ್ನುವ ಜಾಹೀರಾತಿನಿಂದ ಏನು ಉಪಯೋಗ? ನಿಜವಾದ ಉಪಯೋಗ ಇರುವುದು 4,000ದಿಂದ 12,000ದ ನಡುವೆ. ಮಾತಿನ ಸ್ಪಷ್ಟತೆ, ವಾದ್ಯದ ಚೂಪು ಎಲ್ಲ ಅಲ್ಲೇ ಇದೆ. ಕಾರಿನಲ್ಲಂತೂ ಟಯರ್ ಸದ್ದು, ಗಾಳಿ ಸದ್ದು ಸೇರಿ ಮೆಲ್ಲಗಿನದನ್ನೆಲ್ಲ ನುಂಗುತ್ತವೆ. ಸ್ವಲ್ಪ ಹೊಳಪು ಏರಿಸಿದರೆ ಹಾಡು ಆ ಗದ್ದಲದ ಮೇಲೆ ಎದ್ದು ಕೇಳಿಸುತ್ತದೆ. ಕಾರಿನಲ್ಲಿ ಈ ಬಟನ್ ಎಲ್ಲರಿಗೂ ಹಿಡಿಸುವುದಕ್ಕೆ ಇದೂ ಒಂದು ಕಾರಣ.

ಬ್ಲೂಟೂತ್ ಇನ್ನೊಂದು ಕಡಿತ ಮಾಡುತ್ತದೆ. ಆ್ಯಪ್‌ನಿಂದ ಬಂದ ಹಾಡನ್ನು ಫೋನ್ ಬಿಡಿಸಿ, ಮತ್ತೆ ಚಿಕ್ಕದು ಮಾಡಿ ಹೆಡ್‌ಫೋನ್‌ಗೆ ಕಳಿಸುತ್ತದೆ. ಎಲ್ಲದರಲ್ಲೂ ಇರುವ ಎಸ್‌ಬಿಸಿ ಅನ್ನುವ ಮಾದರಿಯಲ್ಲಿ ಒಳ್ಳೆಯ ಗುಣಮಟ್ಟ ಅಂದರೆ 328 ಕೆಬಿಪಿಎಸ್. ಸೋನಿಯ ಎಲ್‌ಡಿಎಸಿ 990ರವರೆಗೆ ಹೋಗುತ್ತದೆ. ಹೆಡ್‌ಫೋನ್ ಒಳಗಿನ ಅಪ್‌ಸ್ಕೇಲರ್ ಕೆಲಸ ಮಾಡುವುದು ಈ ಎರಡನೇ ಕಡಿತವೂ ಆದ ಮೇಲೆ.

ನನಗೆ ಜಾಸ್ತಿ ಚಿಂತೆ ಇರುವುದು ಹಳೆಯ ಹಾಡುಗಳ ಬಗ್ಗೆ. 1960ರ ದಶಕದ ಕನ್ನಡ ಸಿನಿಮಾ ಹಾಡುಗಳು ಮದರಾಸಿನ ಸ್ಟುಡಿಯೋಗಳಲ್ಲಿ ಟೇಪಿಗೆ ಇಳಿದವು. ಎಡ ಬಲ ಇಲ್ಲದ ಒಂದೇ ಸಾಲಿನ ಸದ್ದು. ಅವುಗಳಲ್ಲಿ ತೀರಾ ಮೇಲಿನ ಭಾಗ ಮೊದಲಿಂದಲೂ ಕಡಿಮೆ. ಎಂಪಿ3 ಅದನ್ನು ಕತ್ತರಿಸಿದ್ದಲ್ಲ. ಆ ಕಾಲದ ಮೈಕು, ಟೇಪು ಕೊಟ್ಟದ್ದೇ ಅಷ್ಟು. ಅಪ್‌ಸ್ಕೇಲರ್‌ಗೆ ಈ ಎರಡರ ವ್ಯತ್ಯಾಸ ಯಾವಾಗಲೂ ತಿಳಿಯುವುದಿಲ್ಲ. ಮೇಲೆ ಖಾಲಿ ಇದೆ ಅಂದರೆ ತುಂಬಬೇಕು ಅಂದುಕೊಳ್ಳುತ್ತದೆ. ಆಗ ಟೇಪಿನ ಸುಯ್ ಸದ್ದು ಏರುತ್ತದೆ, ಪಿಟೀಲುಗಳು ತಗಡಿನ ಹಾಗೆ ಆಗುತ್ತವೆ. ಪಿ.ಬಿ. ಶ್ರೀನಿವಾಸ್ ಅವರ ದನಿ ರೇಷ್ಮೆಯ ಹಾಗೆ ಇಳಿಯುವುದು. ಅದಕ್ಕೆ ಇಲ್ಲದ ಹೊಳಪು ಮೆತ್ತಿದರೆ ಕೇಳಲು ಸಂಕಟವಾಗುತ್ತದೆ. ನಮ್ಮ ಚನ್ನರಾಯಪಟ್ಟಣದಲ್ಲಿ ಹುಟ್ಟಿದ ಸಿ. ಅಶ್ವತ್ಥ್ ಅವರ ದನಿಯದ್ದು ಬೇರೆ ಕಥೆ. ಆ ದನಿಯಲ್ಲಿ ಒಂದು ಬಿರುಸು ಇದೆ, ಅಂಚು ಇದೆ. ಸವೆದ ಎಂಪಿ3ಯಲ್ಲಿ ಮೊದಲು ಹೋಗುವುದು ಆ ಅಂಚೇ. ಅಪ್‌ಸ್ಕೇಲಿಂಗ್ ಅಲ್ಲಿ ಸ್ವಲ್ಪ ಸಹಾಯ ಮಾಡುತ್ತದೆ. ಹಾಗಾಗಿ ಬಟನ್ ಸದಾ ಆನ್ ಇಡಬೇಡಿ. ಹಾಡು ನೋಡಿ ಹಾಕಿ.

ಕಿವಿಗೆ ಮೋಸ ಆಗದ ಹಾಗೆ ಪರೀಕ್ಷೆ

ಎರಡು ಸದ್ದಿನಲ್ಲಿ ಒಂದು ಕೂದಲೆಳೆಯಷ್ಟು ಜೋರಾಗಿದ್ದರೆ ನಾವು ಅದನ್ನೇ ಚೆನ್ನಾಗಿದೆ ಅನ್ನುತ್ತೇವೆ. ಜೋರಾಗಿದೆ ಅಂತ ಗೊತ್ತೇ ಆಗುವುದಿಲ್ಲ, ಚೆನ್ನಾಗಿದೆ ಅಂತಲೇ ಅನ್ನಿಸುತ್ತದೆ. ಹೊಳಪು ಸೇರಿಸುವಾಗ ಸದ್ದು ಸ್ವಲ್ಪ ಏರುವುದು ಸಹಜ. ಅದರ ಜೊತೆ, ಬಟನ್ ಒತ್ತಿದ್ದು ನಾವೇ ಆದ್ದರಿಂದ ಮನಸ್ಸು ಮೊದಲೇ ತೀರ್ಮಾನ ಮಾಡಿರುತ್ತದೆ.

ಮೂಡಿಗೆರೆ ತಲುಪಿದ ಮೇಲೆ ನಾವು ಹೀಗೆ ಮಾಡಿದೆವು. ಕಾರನ್ನು ತೋಟದ ಕಣದಲ್ಲಿ ನಿಲ್ಲಿಸಿ ಎಂಜಿನ್ ಆಫ್ ಮಾಡಿದೆವು. ಭಾವ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತರು. ಅಕ್ಕನ ಮಗಳು ಮುಂದೆ ಕೂತು ನಾಣ್ಯ ಚಿಮ್ಮಿ, ಬಿದ್ದ ಪ್ರಕಾರ ಬಟನ್ ಆನ್ ಅಥವಾ ಆಫ್ ಮಾಡಿದಳು. ಎರಡೂ ಸಲ ಒಂದೇ ಜೋರು ಕೇಳುವ ಹಾಗೆ ವಾಲ್ಯೂಮನ್ನು ಆದಷ್ಟು ಸರಿ ಮಾಡಿದ್ದೆವು. ಭಾವ ಹತ್ತು ಸಲ ಹೇಳಬೇಕು. ಹತ್ತರಲ್ಲಿ ಒಂಬತ್ತೋ ಹತ್ತೋ ಸರಿ ಬರುವುದು ಬರೀ ಅದೃಷ್ಟದಿಂದ ಆಗುವ ಸಾಧ್ಯತೆ ನೂರಕ್ಕೆ ಒಂದು ಮಾತ್ರ. ಹಾಗಾಗಿ ಒಂಬತ್ತು ಬಂದರೆ ನಿಜವಾಗಿ ಕೇಳಿಸುತ್ತಿದೆ ಅಂತ ಒಪ್ಪಬಹುದು.

ಪೆನ್‌ಡ್ರೈವ್ ಹಾಡಿಗೆ ಹತ್ತಕ್ಕೆ ಹತ್ತು ಸರಿ. ಫೋನಿನ ಹಾಡಿಗೆ ಐದು ಸರಿ, ಐದು ತಪ್ಪು. ನಾಣ್ಯ ಚಿಮ್ಮಿ ಹೇಳಿದ್ದರೂ ಅಷ್ಟೇ ಬರುತ್ತಿತ್ತು.

ಕಣ್ಣಿನಿಂದಲೂ ನೋಡಬಹುದು. ಆಡಾಸಿಟಿ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಹಾಡು ತೆರೆದು ಸ್ಪೆಕ್ಟ್ರೋಗ್ರಾಮ್ ನೋಟ ಆರಿಸಿ. ಕೆಳಗಿಂದ ಮೇಲಕ್ಕೆ ಹರ್ಟ್ಸ್, ಎಡದಿಂದ ಬಲಕ್ಕೆ ಸಮಯ. ಕಡಿಮೆ ಗುಣಮಟ್ಟದ ಎಂಪಿ3ಯಲ್ಲಿ 16,000ದ ಹತ್ತಿರ ಕತ್ತಿಯಿಂದ ಕತ್ತರಿಸಿದ ಹಾಗೆ ಬಣ್ಣ ನಿಲ್ಲುತ್ತದೆ. ಹೈ-ರೆಸ್, ಅಂದರೆ ಸಿಡಿಗಿಂತ ಮೇಲಿನ ಗುಣಮಟ್ಟದ್ದು ಅಂತ ಯಾರಾದರೂ ಕೊಟ್ಟ 96 ಕಿಲೋಹರ್ಟ್ಸ್ ಫೈಲಿನಲ್ಲೂ ಅದೇ ಗೆರೆ ಕಂಡರೆ ಅದು ದೊಡ್ಡ ಪಾತ್ರೆಗೆ ಸುರಿದ ಹಳೆ ಎಂಪಿ3 ಅನ್ನುವ ಅನುಮಾನ ಬಲವಾಗುತ್ತದೆ.

ಬಟನ್‌ಗಿಂತ ಮೊದಲು ಆ್ಯಪ್‌ನ ಸೆಟ್ಟಿಂಗ್ ನೋಡುವುದು ಒಳ್ಳೆಯದು. ಸ್ಪಾಟಿಫೈನಲ್ಲಿ ನಾರ್ಮಲ್ ಅಂದರೆ 96 ಕೆಬಿಪಿಎಸ್, ವೆರಿ ಹೈ ಅಂದರೆ 320. ಗಂಟೆಗೆ 43 ಎಂಬಿ ಎಲ್ಲಿ, 144 ಎಂಬಿ ಎಲ್ಲಿ. ಆದರೆ ದಿನಕ್ಕೆ ಒಂದೂವರೆ, ಎರಡು ಜಿಬಿ ಸಿಗುವ ಪ್ಯಾಕ್‌ನಲ್ಲಿ ಇದು ದೊಡ್ಡ ಹೊರೆಯಲ್ಲ. ಆ್ಯಪಲ್ ಮ್ಯೂಸಿಕ್ 2021ರಿಂದ ಏನನ್ನೂ ಕಳೆಯದ ಲಾಸ್‌ಲೆಸ್ ಹಾಡುಗಳನ್ನು ಬೇರೆ ದುಡ್ಡಿಲ್ಲದೆ ಕೊಡುತ್ತಿದೆ. ನಮ್ಮ ಕಡೆ ಅಡ್ಡಿ ಬರುವುದು ನೆಟ್‌ವರ್ಕ್. ಆಟೋಮ್ಯಾಟಿಕ್ ಅಂತ ಬಿಟ್ಟರೆ ಸಿಗ್ನಲ್ ಇಳಿದ ಹಾಗೆ ಆ್ಯಪ್ ಗುಣಮಟ್ಟವನ್ನೂ ಇಳಿಸುತ್ತದೆ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯುವಾಗ, ಸಕಲೇಶಪುರ ದಾಟಿ ಶಿರಾಡಿ ಇಳಿಯುವಾಗ ಸಿಗ್ನಲ್ ಬಂದು ಹೋಗಿ ಮಾಡುತ್ತದೆ. ಹೊರಡುವ ಮುಂಚೆ ಮನೆಯ ವೈಫೈನಲ್ಲಿ ಒಳ್ಳೆಯ ಗುಣಮಟ್ಟಕ್ಕೆ ಡೌನ್‌ಲೋಡ್ ಮಾಡಿಕೊಳ್ಳಿ. ಯಾವ ಅಪ್‌ಸ್ಕೇಲರ್ ಕೊಡುವುದಕ್ಕಿಂತಲೂ ಒಳ್ಳೆಯ ಸದ್ದು ಅದರಿಂದ ಸಿಗುತ್ತದೆ.

ಅಜ್ಜಿಯ 'ಸ'

ಅಂಗಡಿಯ ಹಾಡು ಸವೆದರೆ ಇನ್ನೊಂದು ಪ್ರತಿ ಎಲ್ಲಾದರೂ ಸಿಗುತ್ತದೆ. ಮನೆಯವರ ದನಿಗೆ ಆ ಅನುಕೂಲ ಇಲ್ಲ.

ನಮ್ಮ ಅಜ್ಜಿ ಮದುವೆ ಮನೆಗಳಲ್ಲಿ ಸೋಬಾನೆ ಪದ ಹಾಡುತ್ತಿದ್ದರು. ಅವರು ಹೋಗುವ ಒಂದೆರಡು ವರ್ಷ ಮುಂಚೆ ನನ್ನ ಹಳೆಯ ಕೀಪ್ಯಾಡ್ ಮೊಬೈಲಿನಲ್ಲಿ ಒಂದು ಪದ ರೆಕಾರ್ಡ್ ಮಾಡಿಕೊಂಡಿದ್ದೆ. ಆ ಫೋನು ಅದನ್ನು ಎಎಂಆರ್ ಅನ್ನುವ ಮಾದರಿಯಲ್ಲಿ ಉಳಿಸಿತ್ತು. ಅದು ಫೋನ್ ಮಾತಿಗಾಗಿ ಮಾಡಿದ ಮಾದರಿ. ಸೆಕೆಂಡಿಗೆ 8,000 ಅಳತೆ, ಹೆಚ್ಚೆಂದರೆ 12.2 ಕೆಬಿಪಿಎಸ್. ಸುಮಾರು 3,400 ಹರ್ಟ್ಸ್‌ಗೇ ಬಾಗಿಲು ಮುಚ್ಚುತ್ತದೆ. 'ಸ' ಅಕ್ಷರದ ಗಾಳಿ ಬಹುಪಾಲು ಇರುವುದು ಅದರ ಮೇಲೆ. ಹಳೆಯ ಫೋನ್ ಮಾತಿನಲ್ಲಿ 'ಸ' ಯಾವುದು, 'ಫ' ಯಾವುದು ಅಂತ ಗೊತ್ತಾಗದೆ ಮತ್ತೆ ಮತ್ತೆ ಕೇಳುತ್ತಿದ್ದುದು ಇದೇ ಕಾರಣಕ್ಕೆ.

ಹೋದ ವರ್ಷ ಆ ಫೈಲನ್ನು ಎಐ ಅಪ್‌ಸ್ಕೇಲಿಂಗ್ ಮಾಡುವ ಒಂದು ಸಾಫ್ಟ್‌ವೇರ್‌ಗೆ ಹಾಕಿದೆ. ಬಂದದ್ದು ಕೇಳಿ ಮೈ ಜುಮ್ಮೆಂದಿತು. ಗೊಗ್ಗರು ಹೋಗಿತ್ತು. ಒಂದೊಂದು ಮಾತೂ ಬಿಡಿಸಿ ಕೇಳಿಸುತ್ತಿತ್ತು. ಎಷ್ಟೋ ವರ್ಷದಿಂದ ಅರ್ಥವಾಗದ ಒಂದು ಸಾಲು ಅವತ್ತು ಅರ್ಥವಾಯಿತು. ಅಮ್ಮನಿಗೆ ಕೇಳಿಸಿದೆ. ಅವರು ಪೂರ್ತಿ ಕೇಳಿದರು. ಆಮೇಲೆ, "ಚೆನ್ನಾಗಿದೆ ಕಣೋ. ಆದ್ರೆ ಅವ್ವ ಹಿಂಗೆ ಹೇಳ್ತಿರ್ಲಿಲ್ಲ" ಅಂದರು. ಏನು ಬೇರೆ ಅಂತ ಅವರಿಗೆ ಬಿಡಿಸಿ ಹೇಳಲು ಆಗಲಿಲ್ಲ.

ಅದು ಗೊತ್ತಾಗಿದ್ದು ಕೆಲವು ತಿಂಗಳ ಮೇಲೆ. ಸಕಲೇಶಪುರದ ದೊಡ್ಡಮ್ಮನ ಮನೆಯ ಅಟ್ಟದಲ್ಲಿ ಒಂದು ಕ್ಯಾಸೆಟ್ ಸಿಕ್ಕಿತು. 1991ರಲ್ಲಿ ಅವರ ಮನೆ ಮದುವೆಯಲ್ಲಿ ಟೇಪ್ ರೆಕಾರ್ಡರ್ ಇಟ್ಟು ರೆಕಾರ್ಡ್ ಮಾಡಿದ್ದು. ಮಲೆನಾಡಿನ ತೇವಕ್ಕೆ ರೀಲಿನ ಅಂಚಿಗೆ ಬೂಷ್ಟು ಹಿಡಿದಿತ್ತು. ನಿಧಾನವಾಗಿ ಒರೆಸಿ, ಒಂದು ಹಳೆಯ ಟೇಪ್ ರೆಕಾರ್ಡರ್‌ಗೆ ಹಾಕಿ, ಕೇಬಲ್ಲಿನಲ್ಲಿ ಲ್ಯಾಪ್‌ಟಾಪ್‌ಗೆ ಇಳಿಸಿಕೊಂಡೆ. ಸುಯ್ ಸದ್ದು ಜಾಸ್ತಿ. ಹಿಂದೆ ಪಾತ್ರೆ ಸದ್ದು, ಮಕ್ಕಳ ಗಲಾಟೆ. ಆದರೆ ಸಾಮಾನ್ಯ ಕ್ಯಾಸೆಟ್ಟೂ 10,000 ಹರ್ಟ್ಸ್ ಮೀರಿ ಹಿಡಿದುಕೊಳ್ಳುತ್ತದೆ. ಮೊಬೈಲ್ ಎಸೆದ ಭಾಗ ಅದರಲ್ಲಿ ಇತ್ತು.

ಅದೇ ಪದ. ಅಜ್ಜಿ 'ಸೋಬಾನೆ' ಅಂದಾಗ 'ಸ' ಜೊತೆ ಒಂದು ಸಣ್ಣ ಸಿಳ್ಳೆ ಬಂತು. ಅವರ ಮುಂದಿನ ಒಂದು ಹಲ್ಲು ಎಂದೋ ಬಿದ್ದುಹೋಗಿತ್ತು. ಪ್ರತಿ 'ಸ'ಗೂ ಆ ಸಂದಿಯಿಂದ ಗಾಳಿ ಸಿಳ್ಳೆ ಹಾಕುತ್ತಿತ್ತು. ನಾನು ಅದನ್ನು ಮರೆತೇಬಿಟ್ಟಿದ್ದೆ. ಅಮ್ಮ ಒಳಗಿನಿಂದ ಓಡಿಬಂದರು. "ಇದು, ಇದೇ" ಅಂದರು.

ಸಾಫ್ಟ್‌ವೇರ್ ತಪ್ಪು ಮಾಡಿರಲಿಲ್ಲ. ಅದು ಕಲಿತ ಸಾವಿರಾರು ದನಿಗಳಲ್ಲಿ 'ಸ' ಹೇಗಿರುತ್ತದೋ ಹಾಗೆ ಒಂದು 'ಸ' ಕೊಟ್ಟಿತ್ತು. ಆ ಸಿಳ್ಳೆಯ ಸುಳಿವು 3,400ರ ಕೆಳಗೆ ಎಲ್ಲೂ ಇರಲಿಲ್ಲ. ಇಲ್ಲದ ಸುಳಿವನ್ನು ಅದು ಎಲ್ಲಿಂದ ತರಬೇಕು? ಅರ್ಥವಾಗದ ಸಾಲನ್ನು ಬಿಡಿಸಿಕೊಟ್ಟದ್ದೂ ಅದೇ ಸಾಫ್ಟ್‌ವೇರ್. ಅದಕ್ಕೆ ನಾನು ಋಣಿ. ಸಾಫ್ಟ್‌ವೇರ್ ಕೊಟ್ಟದ್ದು, ಕ್ಯಾಸೆಟ್ಟಿನದು, ಎರಡನ್ನೂ ಬೇರೆ ಬೇರೆ ಹೆಸರಿನಲ್ಲಿ ಉಳಿಸಿಕೊಂಡಿದ್ದೇನೆ. ಮೊಬೈಲಿನ ಮೂಲ ಫೈಲನ್ನೂ ಅಳಿಸಿಲ್ಲ, ಯಾಕೆಂದರೆ ಮುಂದೆ ಇನ್ನೂ ಒಳ್ಳೆಯ ಅಪ್‌ಸ್ಕೇಲರ್ ಬಂದರೆ ಅದು ಕೇಳುವುದು ಮೂಲವನ್ನೇ.

ಕ್ಯಾಸೆಟ್ಟಿನ ಪ್ರತಿಯನ್ನು 48 ಕಿಲೋಹರ್ಟ್ಸ್, 24 ಬಿಟ್ ವಾವ್ ಫೈಲಾಗಿ ಇಟ್ಟಿದ್ದೇನೆ. ಎರಡು ಪೆನ್‌ಡ್ರೈವ್‌ನಲ್ಲಿ, ಎರಡು ಮನೆಯಲ್ಲಿ. ನೆಂಟರಿಗೆ ವಾಟ್ಸಾಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿದೆ. ಹಾಗೆ ಕಳಿಸಿದರೆ ಫೈಲು ಇದ್ದ ಹಾಗೇ ಹೋಗುತ್ತದೆ. ಸ್ಪೀಕರ್ ಮುಂದೆ ಫೋನ್ ಹಿಡಿದು ವಾಯ್ಸ್ ಮೆಸೇಜ್ ಮಾಡಿ ಕಳಿಸಿದ್ದರೆ ಅದು ಮತ್ತೆ ಚಿಕ್ಕದಾಗಿ, ಸಿಳ್ಳೆ ಮತ್ತೆ ಹೋಗುತ್ತಿತ್ತು. ಕ್ಯಾಸೆಟ್ಟಿನ ಇನ್ನೊಂದು ಬದಿ ಇನ್ನೂ ಬಾಕಿ ಇದೆ. ರೀಲು ಒಂದು ಕಡೆ ಅಂಟಿಕೊಂಡಿದೆ. ಈ ಬೇಸಿಗೆಯಲ್ಲಿ ಗಾಳಿ ಒಣಗಿರುವಾಗ ಬಿಡಿಸಬೇಕು.